ಫೋನ್ ಮಾಡಿ ಕೇಳದೆ ಫೈಲು ತೆರೆಯುವುದಿಲ್ಲ

ಸೀಲಣ್ಣನ ಅಂಗಡಿ ಕೋರ್ಟಿನ ಎದುರಿನ ಹಳೆಯ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿದೆ. ಒಳಗೆ ಕಾಲಿಡಬೇಕಾದರೆ ತಲೆ ಬಗ್ಗಿಸಬೇಕು. ಮೂವತ್ತು ವರ್ಷದಲ್ಲಿ ಅವನು ತಲೆ ಬಗ್ಗಿಸಿದ್ದು ಆ ಮೆಟ್ಟಿಲೊಂದಕ್ಕೇ, ಮನುಷ್ಯರು ಯಾರಿಗೂ ಅಲ್ಲ ಎಂದು ಕಟ್ಟಡದವರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ.

ಕೆಲಸ ರಬ್ಬರ್ ಸೀಲು ಮಾಡುವುದು. ಮೊದಲೆಲ್ಲ ಸೀಸದ ಅಕ್ಷರಗಳನ್ನು ಒಂದೊಂದಾಗಿ ಉಲ್ಟಾ ಜೋಡಿಸಿ, ಅಚ್ಚು ತೆಗೆದು, ಬಿಸಿ ಪ್ರೆಸ್ಸಿನಲ್ಲಿ ರಬ್ಬರು ಒತ್ತುತ್ತಿದ್ದ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿದರೆ ಪಕ್ಕದ ಯಂತ್ರ ರಬ್ಬರನ್ನು ಸುಟ್ಟು ಕೊರೆದುಕೊಡುತ್ತದೆ. ಅಂಚನ್ನು ಬ್ಲೇಡಿನಿಂದ ಸವರುವುದು, ಮರದ ಹಿಡಿಗೆ ಅಂಟಿಸುವುದು ಮಾತ್ರ ಇವತ್ತಿಗೂ ಅವನ ಕೈಯೇ. ಸೀಲು ಸಿದ್ಧವಾದ ಮೇಲೆ ಅದರ ಮೊದಲ ಗುರುತನ್ನು ಒಂದು ದಪ್ಪ ಪುಸ್ತಕದಲ್ಲಿ ಒತ್ತಿ, ಕೆಳಗೆ ತಾರೀಖು ಬರೆದು, ಆಮೇಲೇ ಗಿರಾಕಿಯ ಕೈಗೆ ಕೊಡುತ್ತಾನೆ. ಅಂಥ ಪುಸ್ತಕಗಳು ಹದಿನಾಲ್ಕು ತುಂಬಿವೆ. ಉಲ್ಟಾ ಅಕ್ಷರ ಓದಿ ಓದಿ ಕಣ್ಣು ಹೇಗೆ ಪಳಗಿದೆ ಎಂದರೆ, ಕನ್ನಡಿಯಲ್ಲಿ ಕಂಡ ಬೋರ್ಡನ್ನೂ ತಡವರಿಸದೆ ಓದುತ್ತಾನೆ.

ಅವನದೊಂದು ಕಟ್ಟುನಿಟ್ಟು. ಸಂಸ್ಥೆಯ ಪತ್ರ, ಅದರ ಮೇಲೆ ಸಹಿ, ಎರಡೂ ಇಲ್ಲದೆ ಯಾರಿಗೂ ಸೀಲು ಮಾಡಿಕೊಡುವುದಿಲ್ಲ. ಕೋರ್ಟಿನ ಸುತ್ತಮುತ್ತ ಕಳ್ಳ ಸೀಲಿಗೆ ಅಲೆಯುವವರಿಗೇನೂ ಬರವಿಲ್ಲ. ಅಂಥವರನ್ನು ಅವನು ಮೆಟ್ಟಿಲು ಸುತ್ತಿ ಬರುವಾಗಲೇ ಗುರುತಿಸುತ್ತಾನೆ.

“ನಿಜವಾದ ಕೆಲ್ಸ ಇರೋನು ಕಾಯ್ತಾನೆ ಕಣ್ರೀ. ಕಳ್ಳನಿಗೆ ಮಾತ್ರ ಈಗ್ಲೇ ಬೇಕು,” ಎನ್ನುತ್ತಾನೆ. “ಬಂದೋನೇ ಅಣ್ಣಾ ಅಣ್ಣಾ ಅಂತ ಬೆಣ್ಣೆ ಹಚ್ತಾನೆ. ಆಮೇಲೆ ಅತ್ಲಾಗೆ ಇತ್ಲಾಗೆ ನೋಡಿ ಜೇಬಿಗೆ ಕೈ ಹಾಕ್ತಾನೆ, ನೋಟು ತುರುಕೋಕೆ. ಆ ಕೈ ಜೇಬಿಗೆ ಹೋಯ್ತೋ, ನನ್ನ ಕೈ ಬಾಗಿಲ ಕಡೆ ಹೋಗುತ್ತೆ.”

ಬಾಗಿಲು ತೋರಿಸುವಾಗ ಅವನ ದನಿ ಮೂರನೇ ಮಹಡಿಗೂ ಕೇಳುತ್ತದೆ. ಮೂಗಿನ ತುದಿಯಲ್ಲೇ ಕೋಪ. ಚಿಕ್ಕವನಿದ್ದಾಗಲೇ ಅಕ್ಕ ಅವನಿಗೆ ‘ಸಾಸಿವೆ’ ಎಂದು ಅಡ್ಡಹೆಸರಿಟ್ಟಿದ್ದಳು, ಎಣ್ಣೆ ಕಾಯುವುದೇ ತಡ ಸಿಡಿಯುತ್ತಾನೆಂದು. ಅವ್ವ ಹೋದಾಗ ಅವನಿಗೆ ಆರು, ಅಕ್ಕನಿಗೆ ಹದಿನಾಲ್ಕು. ತಲೆ ಬಾಚಿದವಳು, ಸ್ಲೇಟು ಹಿಡಿಸಿದವಳು, ಐದನೇ ತರಗತಿಗೆ ಶಾಲೆ ಬಿಟ್ಟಾಗ ಬಾರಿಸಿದವಳು, ಬಾರಿಸಿ ಅತ್ತವಳು, ಎಲ್ಲ ಅವಳೇ. ಮುಂದೆ ಅವನಿಗೆ ಎರಡು ಕಡೆ ಹೆಣ್ಣು ನೋಡಿದ್ದೂ ಅವಳೇ. ಎರಡೂ ಕಡೆ ಅವನು ಹುಡುಗಿಯ ಅಪ್ಪನ ಜೊತೆ ಜಗಳ ಆಡಿಕೊಂಡು ಎದ್ದು ಬಂದ. “ನೀನು ಮದುವೆಯಾಗ್ಬೇಕಾಗಿರೋದು ಮಗಳನ್ನ ಕಣೋ, ಅಪ್ಪನ್ನಲ್ಲ!” ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಮೂರನೆಯದನ್ನು ಅವಳು ಹುಡುಕಲಿಲ್ಲ. ಹೀಗಾಗಿ ಅವನ ಪಾಲಿಗೆ ಮನೆ ಎಂದರೆ ಅಕ್ಕನ ಮನೆಯೇ. ಭಾನುವಾರದ ಊಟ ಅಲ್ಲೇ.

ಆ ಮನೆಯ ಬಾಗಿಲು ಮುಚ್ಚಿ ಈಗ ಏಳು ವರ್ಷ.

ಭಾವ ಡ್ರಾಯಿಂಗ್ ಮೇಷ್ಟ್ರು. ದನಿ ಎತ್ತಿ ಮಾತಾಡಿದವರಲ್ಲ. ನಿವೃತ್ತರಾದ ಮೇಲೆ ಅವರಿದ್ದ ಕಟ್ಟಡದ ನಿವಾಸಿಗಳೆಲ್ಲ ಸೇರಿ ಅವರನ್ನು ಸಂಘದ ಕಾರ್ಯದರ್ಶಿ ಮಾಡಿದರು. ಒಂದು ದಿನ ಸಂಘದ ಸೀಲು ಮಾಡಿಸಲು ಬಾಮೈದನ ಅಂಗಡಿಗೇ ಬಂದರು. ಅವತ್ತು ಸೀಲಣ್ಣನ ತಲೆ ಬೆಳಿಗ್ಗೆಯೇ ಕೆಟ್ಟಿತ್ತು. ಕಳ್ಳ ಸೀಲಿನವನೊಬ್ಬನನ್ನು ಆಗಷ್ಟೇ ಅಟ್ಟಿದ್ದ. ವಕೀಲರ ಗುಮಾಸ್ತರು ಐದು ಜನ ಸರದಿಯಲ್ಲಿದ್ದರು. ಭಾವ ಸಂಕೋಚದಿಂದ ಮುಂದೆ ಬಂದು, “ಸ್ವಲ್ಪ ಬೇಗ ಆಗ್ಬೇಕಿತ್ತಪ್ಪ, ಸಂಜೆ ಮೀಟಿಂಗಿದೆ,” ಎಂದರು. ಸರದಿ ತಪ್ಪಿಸಿದ ನಾಚಿಕೆಗೆ ಆಚೀಚೆ ನೋಡಿದರು. ಕೋಟಿನ ಒಳಜೇಬಿಗೆ ಕೈ ಹಾಕಿದರು.

ಅವಸರ, ಮೆತ್ತಗಿನ ಮಾತು, ಜೇಬಿಗೆ ಹೋದ ಕೈ. ಇಷ್ಟು ವರ್ಷದ ಅಭ್ಯಾಸ ಅವನ ತಲೆಯೊಳಗೆ ಗಂಟೆ ಬಾರಿಸಿಬಿಟ್ಟಿತು.

“ಭಾವ ಆದ್ರೇನು, ಬ್ರಹ್ಮ ಆದ್ರೇನು! ಪತ್ರ ಇಲ್ದೆ ದುಡ್ಡು ತೋರ್ಸಿ ಸೀಲು ಕೇಳೋನು ಕಳ್ಳಾನೇ. ನಡೀರಿ ಆಚೆ!”

ಭಾವನ ಕೈ ಜೇಬಿನಲ್ಲೇ ನಿಂತಿತು. ಗುಮಾಸ್ತರಲ್ಲೊಬ್ಬ ಕಿಸಕ್ಕನೆ ನಕ್ಕ. ಕೈಯನ್ನು ಹಾಗೇ ಖಾಲಿ ಹೊರಗೆ ತೆಗೆದು, ತಲೆ ಬಗ್ಗಿಸಿ, ಮೆಟ್ಟಿಲ ಕೆಳಗಿನಿಂದ ಅವರು ಹೊರಟುಹೋದರು.

ಸಂಜೆ ಅಕ್ಕನ ಫೋನು. “ಐದು ಜನರ ಮುಂದೆ ನನ್ನ ಗಂಡನ್ನ ಕಳ್ಳ ಅಂದ್ಯಂತೆ. ತಪ್ಪಾಯ್ತು ಅಂತ ಅವರಿಗೆ ಹೇಳೋ ತನಕ ನನ್ನ ಹೊಸಲು ತುಳೀಬೇಡ.”

“ಪತ್ರ ಎಲ್ಲಿ? ಪತ್ರ ತೋರ್ಸೋಕೆ ಹೇಳು ಮೊದ್ಲು!” ಎಂದು ಇವನು ಕಿರುಚಿದ. ಅತ್ತ ಫೋನು ಇಟ್ಟ ಸದ್ದಾಯಿತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಾ ಐದು ವರ್ಷ ಕಳೆಯಿತು. ಭಾವ ತೀರಿಕೊಂಡರು. ಸುದ್ದಿ ಇವನಿಗೆ ಮೂರನೇ ದಿನ ಒಬ್ಬ ಗುಮಾಸ್ತನ ಬಾಯಿಂದ ತಿಳಿಯಿತು. ಅಂಗಡಿ ಮುಚ್ಚಿ ಓಡಿದ. ಬೀದಿಯ ಈಚೆ ಬದಿಯಲ್ಲಿ ನಿಂತು ನೋಡಿದ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅದರಲ್ಲಿ ತನ್ನದನ್ನೂ ಬಿಟ್ಟು ಒಳಗೆ ಹೋಗುವ ಧೈರ್ಯ ಬರಲಿಲ್ಲ. ಊರಿಗೆಲ್ಲ ಬಾಗಿಲು ತೋರಿಸುವ ಗಂಡಸು ತೆಪ್ಪಗೆ ತಿರುಗಿ ಬಂದ.

ಇದರ ನಡುವೆ, ನಾಲ್ಕು ವರ್ಷದ ಹಿಂದೆ, ಅಂಗಡಿಯ ಕಂಪ್ಯೂಟರಿಗೆ ಬಡಿದ ಕಥೆಯೊಂದಿದೆ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಮಧ್ಯಾಹ್ನ ಗುರುತಿಲ್ಲದ ವಿಳಾಸದಿಂದ ಮೇಲ್ ಬಂತು: ‘ನೀವು ಮಾಡಿಕೊಟ್ಟ ಸೀಲಿನಲ್ಲಿ ತಪ್ಪಿದೆ. ಕಾನೂನು ಕ್ರಮ ಕೈಗೊಳ್ಳುತ್ತೇವೆ. ಪ್ರತಿ ಲಗತ್ತಿಸಿದೆ.’ ಲಾಟರಿ ಹೊಡೆದಿದೆ ಎಂದಿದ್ದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಸೀಲಿನಲ್ಲಿ ತಪ್ಪೇ? ಯಾವನವನು? ರಕ್ತ ನೆತ್ತಿಗೇರಿತು. ತೋರಿಸು ನೋಡೋಣ ಎಂದು ಆ ಫೈಲನ್ನು ಎರಡು ಸಲ ಕುಟ್ಟಿದ. ಸೀಲೂ ಇಲ್ಲ, ಪ್ರತಿಯೂ ಇಲ್ಲ. ಸ್ವಲ್ಪ ಹೊತ್ತಿಗೆ ಅವನ ಅಷ್ಟೂ ವಿನ್ಯಾಸಗಳ ಹೆಸರು ಗೀಚುಗೀಚಾಗಿ, ಒಂದೂ ತೆರೆಯದಂತೆ ಬೀಗ ಬಿದ್ದುಹೋಯಿತು.

ಮೊದಲ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸಿದ್ದಾಳೆ. ಸೀಲಣ್ಣ ಅವಳನ್ನು ಕರೆಯುವುದೇ ಸ್ಕ್ರೂಡ್ರೈವರಮ್ಮ ಎಂದು. ಇವನ ಬೈಗುಳ ಕೇಳಿ ಅವಳೇ ಇಳಿದುಬಂದಳು.

“ಬೈಯೋದು ಆಮೇಲೆ. ಮೊದ್ಲು ಇಂಟರ್ನೆಟ್ ವೈರು ಕಿತ್ತಾಕಿ,” ಎಂದು ತಾನೇ ಎಳೆದು ಹಾಕಿದಳು. ಮೇಲ್ ಓದಿದಳು. ಓದಿ ನಕ್ಕಳು. “ಊರಿನ ಕಳ್ಳ ಸೀಲೆಲ್ಲ ಹಿಡಿಯೋರು, ಮೇಲಲ್ಲಿ ಬಂದ ಕಳ್ಳನ್ನ ಕೂರ್ಸಿ ಚಹಾ ಕೊಟ್ರಲ್ಲ ಸೀಲಣ್ಣ!”

“ನನ್ನ ಕೆಲ್ಸಕ್ಕೇ ಕೈ ಹಾಕಿದ್ನಲ್ಲಮ್ಮ ಆ ಬಡ್ಡಿಮಗ!”

“ಅವನಿಗೆ ನಿಮ್ಮ ಕೆಲ್ಸ ಏನಂತಾನೂ ಗೊತ್ತಿರಲ್ಲ. ಅಂಗಡಿ ಪಟ್ಟಿ ಸಿಕ್ಕಿರುತ್ತೆ, ಎಲ್ಲರಿಗೂ ಹಿಂಗೇ ಬರೆದಿರ್ತಾನೆ. ಆಸೆ ಇರೋನಿಗೆ ಆಸೆ, ಹೆದರೋನಿಗೆ ಹೆದರಿಕೆ, ನಿಮ್ಮಂಥೋರಿಗೆ ಕೋಪ. ಯಾವುದಾದ್ರೂ ಒಂದು ಕೆರಳಿದ್ರೆ ಆಯ್ತು, ಬೆರಳು ತಾನೇ ಒತ್ತುತ್ತೆ.” ಫೈಲಿನ ಹೆಸರಿನ ತುದಿಗೆ ಬೆರಳಿಟ್ಟಳು. “ಈ ಬಾಲ ನೋಡಿ. ಚಿತ್ರ ಅಂತ ಹೇಳ್ಕೊಂಡಿದೆ, ಬಾಲ ಮಾತ್ರ ಚಿತ್ರದ್ದಲ್ಲ. ಮುಟ್ಟಿದ್ರೆ ಎದ್ದು ಓಡಾಡೋ ಜಾತಿ ಇದು. ಗೊತ್ತಿಲ್ಲದೋರ ಫೈಲು ತೆರೀಬೇಡಿ.”

“ಗಿರಾಕಿಗಳ ಪತ್ರ ಎಲ್ಲ ಮೇಲಲ್ಲೇ ಬರುತ್ತೆ, ನನ್ನ ಹೊಟ್ಟೆಪಾಡೇ ಗೊತ್ತಿಲ್ಲದೋರ ಫೈಲು ತೆರೆಯೋದು! ತೆರೀಬೇಡ ಅಂದ್ರೆ ಏನ್ಮಾಡ್ಲಿ, ಅಂಗಡಿ ಮುಚ್ಚಿ ನಿನ್ನ ಸ್ಕ್ರೂ ಎಣಿಸ್ತಾ ಕೂರ್ಲಾ?”

“ಹಂಗಾದ್ರೆ ಕೇಳಿ ತೆರೀರಿ. ಫೋನ್ ಮಾಡಿ, ನೀವೇ ಕಳ್ಸಿದ್ದಾ ಅಂತ ಕೇಳಿ. ಮೇಲಲ್ಲಿ ಕೊಟ್ಟಿರೋ ನಂಬರಿಗಲ್ಲ ಮತ್ತೆ, ಅದೂ ಕಳ್ಳಂದೇ ಆಗಿರುತ್ತೆ. ನಿಮ್ಮ ಪುಸ್ತಕದಲ್ಲಿ ಮೊದ್ಲೇ ಬರ್ಕೊಂಡಿರೋ ನಂಬರಿಗೆ. ನಂಬರಿಲ್ಲದ ಹೊಸಬ್ರು ಕಾಲಾಡಿಸ್ಕೊಂಡು ಅಂಗಡಿಗೇ ಬರ್ಲಿ.”

ಬೀಗ ಬಿದ್ದ ವಿನ್ಯಾಸ ಒಂದೂ ವಾಪಸ್ಸು ಬರಲಿಲ್ಲ. ಆದರೆ ಗುರುತಿನ ಪುಸ್ತಕಗಳನ್ನು ಯಾವ ವೈರಸ್ಸೂ ಮುಟ್ಟುವಂತಿರಲಿಲ್ಲವಲ್ಲ. ಅವನ್ನು ನೋಡಿ ನೋಡಿ ಎಲ್ಲವನ್ನೂ ಮೊದಲಿನಿಂದ ಮಾಡಿಕೊಂಡ. ಗೋಡೆಗೆ ದಪ್ಪಕ್ಷರದ ಬೋರ್ಡು ಹಾಕಿದ: ‘ಫೋನ್ ಮಾಡಿ ಕೇಳದೆ ಫೈಲು ತೆರೆಯುವುದಿಲ್ಲ.’

ಅಂದಿನಿಂದ ದಿನಕ್ಕೆ ಎಂಟು ಹತ್ತು ಫೋನು. ಮಾತು ಅಚ್ಚು ಹಾಕಿದಂತೆ ಒಂದೇ. “ಸೀಲಿನ ಅಂಗಡಿಯಿಂದ ಮಾತಾಡ್ತಿರೋದು. ನಿಮ್ಮ ವಿಳಾಸದಿಂದ ಒಂದು ಫೈಲು ಬಂದಿದೆ. ನೀವೇ ಕಳ್ಸಿದ್ದಾ?” ಕೆಲವರು ಸಿಡುಕುತ್ತಿದ್ದರು, “ಇನ್ನೇನು ನಮ್ಮ ತಾತ ಕಳ್ಸಿದ್ನಾ!” ಎಂದು. ಕೆಲವರು ಹೌದೆಂದವರು ಹಾಗೇ ಮಾತಿಗೆ ಇಳಿಯುತ್ತಿದ್ದರು. ದಾಖಲೆ ಬರೆಯುವ ಮುದುಕಿಯೊಬ್ಬಳಿಗೆ ಮಂಡಿ ನೋವು. ಹಲ್ಲಿನ ಡಾಕ್ಟರಿಗೆ ಬಾಡಿಗೆ ಮನೆಯವನ ಕಾಟ. ಸೀಲಣ್ಣ ‘ಹ್ಞೂಂ, ಹ್ಞೂಂ’ ಎಂದು ಕೇಳುತ್ತಿದ್ದ. ಇಡುತ್ತೇನೆ ಎಂದು ಮೊದಲು ಹೇಳಿದವನು ಅವನಲ್ಲ. ಕಳ್ಳರನ್ನು ತಡೆಯಲು ಹಾಕಿದ ಬೇಲಿ, ಅವನಿಗೆ ಮನುಷ್ಯರ ದನಿ ಕೇಳುವ ದಾರಿಯಾಗಿತ್ತು. ಶನಿವಾರ ಸಂಜೆ ಅಂಗಡಿ ಮುಚ್ಚಿದರೆ ಒಂದು ಮಂಚ, ಒಂದು ಲೋಟ, ಒಂದು ಕಿಟಕಿಯ ಕೋಣೆ. ಸೋಮವಾರ ಬೆಳಗಿನ ತನಕ ಬಾಯಿ ತೆರೆಯುವ ಪ್ರಮೇಯವೇ ಇಲ್ಲ. ಸೋಮವಾರದ ಮೊದಲ ಮಾತಿಗೆ ಗಂಟಲು ಕೆರೆದುಕೊಳ್ಳಬೇಕಾಗುತ್ತಿತ್ತು.

ಮೊನ್ನೆ ಮೊನ್ನೆ ಒಂದು ಬುಧವಾರ, ಹನ್ನೊಂದು ಗಂಟೆಗೆ ಮೇಲ್ ಪೆಟ್ಟಿಗೆ ತೆರೆದರೆ ಅಕ್ಕನ ಹೆಸರು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದ. ಅವಳದೇ. ಹಿಂದೊಮ್ಮೆ ಭಾನುವಾರದ ಊಟದ ಮೇಲೆ ಪಕ್ಕದಲ್ಲಿ ಕೂತು ಅದನ್ನು ಮಾಡಿಕೊಟ್ಟವನೇ ಅವನು. ಒಳಗೆ ಎರಡು ಸಾಲು: ‘ಆತ್ಮೀಯರೇ, ನಮ್ಮ ಹಳೆಯ ಫೋಟೋಗಳು ಸಿಕ್ಕಿವೆ. ತಕ್ಷಣ ತೆರೆದು ನೋಡಿ.’ ಕೆಳಗೊಂದು ಫೈಲು.

ಹಳೆಯ ಫೋಟೋ ಎಂದರೆ ಯಾವುದು? ಅವ್ವನದೇ? ಏಳು ವರ್ಷದ ಮೇಲೆ ಅಕ್ಕನ ಮನಸ್ಸು ಕರಗಿತೇ? ಬೆರಳು ಫೈಲಿನ ಮೇಲೆ ಹೋಗಿ ನಿಂತಿತು.

ಬೆರಳು ಅಲ್ಲಿದ್ದರೂ ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ಅಕ್ಕ ಎಂದಾದರೂ ತನ್ನನ್ನು ‘ಆತ್ಮೀಯರೇ’ ಎಂದಾಳೇ? ಉಗಿದರೂ ಸಾಸಿವೆ ಎಂದೇ ಉಗಿಯುವವಳು. ‘ತಕ್ಷಣ’ ಯಾಕೆ? ಏಳು ವರ್ಷ ಕಾದವಳಿಗೆ ಇವತ್ತೇನು ಅವಸರ? ಬಾಲ ನೋಡಿದ. ಫೋಟೋದ ಬಾಲವಲ್ಲ. ನಕಲಿ ಸೀಲು ಮೇಜಿನ ಮೇಲಿಟ್ಟಷ್ಟು ಸ್ಪಷ್ಟವಾಗಿತ್ತು. ಆದರೂ ಮಧ್ಯಾಹ್ನದವರೆಗೆ ಅದನ್ನು ಅಳಿಸಲಿಲ್ಲ. ಗಿರಾಕಿ ಬಂದಾಗ ಮುಚ್ಚುತ್ತಿದ್ದ, ಹೋದ ಕೂಡಲೇ ತೆರೆದು ಆ ಎರಡು ಸಾಲನ್ನೇ ಓದುತ್ತಿದ್ದ. ಕಳ್ಳ ಬರೆದದ್ದಾದರೂ ಅಕ್ಕನ ಹೆಸರಿನಲ್ಲಿ ಬಂದದ್ದಲ್ಲವೇ!

ಕೊನೆಗೆ ಸ್ಕ್ರೂಡ್ರೈವರಮ್ಮನನ್ನು ಕರೆದು ತೋರಿಸಿದ.

“ಪಾಪ, ಇವರ ಪಾಸ್‌ವರ್ಡು ಯಾರಿಗೋ ಸಿಕ್ಕಿದೆ. ಇವರ ಪಟ್ಟೀಲಿ ಇರೋರಿಗೆಲ್ಲ ಇದೇ ಹೋಗಿರುತ್ತೆ,” ಎಂದಳು. “ಬೇಗ ತಿಳಿಸ್ಬೇಕು. ಯಾರಿವರು?”

“ನಮ್ಮಕ್ಕ.”

ನಾಲ್ಕು ವರ್ಷದಲ್ಲಿ ಅವನಿಗೊಬ್ಬ ಅಕ್ಕ ಇದ್ದಾಳೆಂದು ಅವಳು ಕೇಳಿದ್ದೇ ಮೊದಲು. ಅವನ ಮುಖ ನೋಡಿ, ಏನೂ ಕೇಳದೆ, ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿ ಮೆಟ್ಟಿಲು ಹತ್ತಿದಳು.

ಪುಸ್ತಕದಲ್ಲಿ ನಂಬರು ಹುಡುಕಬೇಕಾಗಿರಲಿಲ್ಲ. ಬಾಯಿಪಾಠವಿತ್ತು. ಅಕ್ಕ ಎತ್ತಿ “ಯಾರು?” ಎಂದಾಗ ಅವನ ಬಾಯಿಗೆ ಅಚ್ಚಿನ ಮಾತೇ ಬಂತು.

“ಸೀಲಿನ ಅಂಗಡಿಯಿಂದ ಮಾತಾಡ್ತಿರೋದು. ನಿಮ್ಮ ವಿಳಾಸದಿಂದ ಒಂದು ಫೈಲು ಬಂದಿದೆ. ನೀವೇ ಕಳ್ಸಿದ್ದಾ?”

ಹೆತ್ತವ್ವನಂತೆ ಸಾಕಿದವಳಿಗೆ ‘ನೀವು’.

“ಇಲ್ಲ. ನಾನು ಯಾರಿಗೂ ಏನೂ ಕಳ್ಸಿಲ್ಲ.”

“ಹಂಗಾದ್ರೆ ಕಳ್ಳ ಹೊಕ್ಕಿದಾನೆ. ನಿಂಗೂ ಏನಾದ್ರೂ ಫೈಲು ಬಂದಿತ್ತಾ, ತೆರೆದ್ಯಾ?” ನೀವು ತಾನಾಗಿಯೇ ಕಳಚಿಹೋಗಿತ್ತು.

“ಕರೆಂಟ್ ಬಿಲ್ಲು ಅಂತ ಬಂದಿತ್ತು. ಕಟ್ದಿದ್ರೆ ಇವತ್ತೇ ಲೈನ್ ಕಟ್ ಮಾಡ್ತೀವಿ ಅಂತ. ತೆರೆದೆ. ಬಿಲ್ಲೆಲ್ಲ ಅವರೇ ನೋಡ್ಕೋತಿದ್ರು, ನಂಗೇನು ಗೊತ್ತು?”

‘ಅವರು’ ಎಂದರೆ ಭಾವ. ಆಮೇಲೆ ಅವನು ಒಂದೊಂದಾಗಿ ಹೇಳಿದ. ವೈರು ಕಿತ್ತುಹಾಕು. ಆ ಕಂಪ್ಯೂಟರು ಮುಟ್ಟಬೇಡ, ರಿಪೇರಿಯವರಿಗೆ ತೋರಿಸು. ಬೇರೆಯವರ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಾಯಿಸು. ಪಟ್ಟಿಯಲ್ಲಿರುವವರಿಗೆಲ್ಲ ಫೋನ್ ಮಾಡಿ ತೆರೆಯಬೇಡಿ ಎನ್ನು. ಅವಳು “ನಿಧಾನ, ಬರ್ಕೋತಿದೀನಿ,” ಎನ್ನುತ್ತಾ ಬರೆದುಕೊಂಡಳು.

“ಪಾಸ್‌ವರ್ಡು ಏನಿಟ್ಟಿದ್ದೆ?”

“ನೀನು ಇಟ್ಕೊಟ್ಟಿದ್ದೇ. ಸಾಸಿವೆ, ಒಂದು ಎರಡು ಮೂರು.”

ಏಳು ವರ್ಷ ಅವನ ಮುಖ ನೋಡದವಳು, ಮೇಲ್ ತೆರೆಯುವಾಗಲೆಲ್ಲ ಅವನ ಹೆಸರನ್ನೇ ಒತ್ತುತ್ತಿದ್ದಳು. “ಅದನ್ನ ಮೊದ್ಲು ಬದಲಾಯಿಸು ಅಕ್ಕ. ಅಷ್ಟು ಸುಲಭದ್ದು ಇಡ್ಬಾರ್ದು,” ಎಂದ. ಆಮೇಲೆ ಗಟ್ಟಿ ಮನಸ್ಸು ಮಾಡಿ, “ಅವತ್ತು ಭಾವಂಗೆ...” ಎಂದ.

“ಕಂಪ್ಯೂಟರ್ ವಿಷಯ ಮುಗೀತಲ್ಲ. ಇಡ್ತೀನಿ.” ಇಟ್ಟಳು.

ಅವನು ಆ ಮೇಲನ್ನು ಅಳಿಸಿದ. ಏಳು ವರ್ಷದಲ್ಲಿ ಅಕ್ಕನ ಹೆಸರಿನಲ್ಲಿ ಬಂದ ಒಂದೇ ಒಂದು ಕಾಗದ ಅದು. ಗುರುವಾರ ಅಕ್ಕನಿಂದ ಏನೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಭಾನುವಾರ ಕಿಟಕಿಯಿಂದ ಎದುರು ಮನೆಯವರು ಮಂಚ ಸಾಗಿಸುವುದನ್ನು ನೋಡುತ್ತಾ ಕಳೆದ.

ಸೋಮವಾರ ಮಧ್ಯಾಹ್ನ ಹೊಸ ವಿಳಾಸವೊಂದರಿಂದ ಮೇಲ್ ಬಂತು. ‘ಸಾಸಿವೆ, ಇದು ನಾನೇ. ಹೊಸದು ಮಾಡಿಸಿಕೊಂಡೆ. ಒಂದು ಫೈಲಿದೆ, ನೋಡು.’

ಸಾಸಿವೆ ಎಂದಿದೆ! ಕೈ ಮುಂದೆ ಹೋಯಿತು. ಹೋದದ್ದು ತಡೆದು ನಿಂತಿತು. ಆ ಪಾಸ್‌ವರ್ಡ್ ಕದ್ದವನಿಗೆ ಈ ಹೆಸರೂ ಗೊತ್ತಲ್ಲವೇ? ತನ್ನ ಜೀವಮಾನದ ಅತಿ ಖಾಸಗಿ ಮಾತನ್ನೂ ಒಬ್ಬ ಕಳ್ಳ ಮುಟ್ಟಿ ಮೈಲಿಗೆ ಮಾಡಿಬಿಟ್ಟಿದ್ದನಲ್ಲ ಎಂದು ಹಲ್ಲು ಕಡಿದ. ಫೋನು ಎತ್ತಿಕೊಂಡ.

“ಸೀಲಿನ ಅಂಗಡಿಯಿಂದ...”

“ಗೊತ್ತು ಕಣೋ. ನಾನೇ ಕಳ್ಸಿದ್ದು. ಇಡ್ಬೇಡ, ಹಂಗೇ ತೆಗಿ.”

ತೆಗೆದ. ಒಂದು ಪತ್ರದ ಚಿತ್ರ. ನಾಲ್ಕಾಗಿ ಮಡಿಸಿದ ಗೆರೆ, ಒಂದು ಮೂಲೆಯಲ್ಲಿ ಬೆವರಿನ ಕಲೆ. ನಿವಾಸಿಗಳ ಸಂಘದ್ದು. ‘ನಮ್ಮ ಕಾರ್ಯದರ್ಶಿಯವರಿಗೆ ಒಂದು ದುಂಡನೆಯ ಸೀಲನ್ನು ಮಾಡಿಕೊಡಬೇಕಾಗಿ ಕೋರುತ್ತೇವೆ.’ ಕೆಳಗೆ ಐದು ಸಹಿ. ತಾರೀಖು ಏಳು ವರ್ಷದ ಹಿಂದಿನದು. ಆ ದಿನದ್ದೇ. ಅಭ್ಯಾಸಬಲದಿಂದ ಅವನ ಕಣ್ಣು ಒಂದೊಂದು ಸಹಿಯ ಮೇಲೂ ಹೋಯಿತು. ಐವರ ಕೈ, ಐದು ರೀತಿ; ಒಬ್ಬನ ಪೆನ್ನು ಬೇರೆ.

“ನೋಡಿದ್ಯಾ?” ಅಕ್ಕ ಕೇಳಿದಳು. “ಹೇಳು. ಅಸಲಿನಾ, ನಕಲಿನಾ? ಅದೇ ಅಲ್ವಾ ನಿನ್ನ ಕೆಲ್ಸ.”

“ಅಸಲಿ,” ಎಂದ. ಮತ್ತೊಮ್ಮೆ ಹೇಳಿದ. “ಅಸಲಿ ಅಕ್ಕ.”

“ಕೋಟಿನ ಒಳಜೇಬಲ್ಲಿತ್ತು. ಅವರು ಹೋದ್ಮೇಲೆ ಬಟ್ಟೆ ತೆಗೆದಿಡುವಾಗ ಸಿಕ್ತು.”

ಜೇಬಿನಲ್ಲೇ ನಿಂತ ಆ ಕೈ ಕಣ್ಣ ಮುಂದೆ ಬಂತು. “ಆಮೇಲಾದ್ರೂ ಯಾಕೆ ತೋರಿಸ್ಲಿಲ್ಲ ಭಾವ?”

“ತೋರ್ಸಿದ್ರೆ ನಿನ್ನ ಮುಖ ಎಲ್ಲಿ ಇಟ್ಕೋತಿದ್ದೆ? ಪತ್ರ ಇತ್ತು ಅಂತ ನನ್ನ ಹತ್ರಾನೂ ಹೇಳ್ಲಿಲ್ಲ. ಅವನ ಕೆಲ್ಸ ಅವನು ಮಾಡ್ದ, ಬಿಡೇ ಅಂದ್ರು. ಅಷ್ಟೇ.”

“ತಪ್ಪಾಯ್ತು ಅಕ್ಕ.”

“ಅದನ್ನ ಅವರಿಗೆ ಹೇಳ್ಬೇಕಿತ್ತು.” ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ಭಾನುವಾರ ಮನೇಲಿರ್ತೀನಿ. ಬಾ ಅಂತ ಹೇಳ್ತಿಲ್ಲ ಮತ್ತೆ. ಇರ್ತೀನಿ ಅಂತ ಹೇಳ್ದೆ.”

ಫೋನು ಇಟ್ಟ ಮೇಲೆ ಅವನು ಪತ್ರದಲ್ಲಿದ್ದ ಮಾತುಗಳನ್ನು ದುಂಡಗೆ ಕೂಡಿಸಿದ. ಯಂತ್ರ ರಬ್ಬರು ಕೊರೆಯಿತು. ಅಂಚು ಸವರಿದ, ಇದ್ದುದರಲ್ಲೇ ಒಳ್ಳೆಯ ಹಿಡಿಗೆ ಅಂಟಿಸಿದ, ಗುರುತಿನ ಪುಸ್ತಕ ತೆಗೆದು ಒತ್ತಿದ. ಅಕ್ಷರ ಒಂದೂ ಕದಡಿರಲಿಲ್ಲ. ಸಂಘದವರು ಅಂದೇ ಬೇರೆ ಕಡೆ ಸೀಲು ಮಾಡಿಸಿಕೊಂಡಿದ್ದರು. ಅದನ್ನು ಹಿಡಿಯುವ ಕಾರ್ಯದರ್ಶಿಯೂ ಈಗ ಬೇರೆ. ಇದನ್ನು ಒಯ್ಯಲು ಯಾರೂ ಬರುವುದಿಲ್ಲ. ಕೆಳಗೆ ತಾರೀಖು ಬರೆಯುವಾಗ ಇವತ್ತಿನದೋ ಅವತ್ತಿನದೋ ಎಂದು ಪೆನ್ನು ಸ್ವಲ್ಪ ಹೊತ್ತು ನಿಂತಿತು. ಇವತ್ತಿನದನ್ನೇ ಬರೆದ. ಸುಳ್ಳು ತಾರೀಖು ಹಾಕಿದವನಲ್ಲ ಅವನು.

ಪೆಟ್ಟಿಗೆಯಲ್ಲಿ ಇನ್ನೊಂದು ಮೇಲ್ ಕಾಯುತ್ತಿತ್ತು. ದಾಖಲೆ ಬರೆಯುವ ಮುದುಕಿಯದು, ಫೈಲಿನ ಸಮೇತ. ಅವಳ ನಂಬರು ಒತ್ತಿ ಕಿವಿಗಿಟ್ಟುಕೊಂಡ. ಬೆಳಗಿನಿಂದ ಆರು ಜನರ ಜೊತೆ ಮಾತಾಡಿದ್ದರೂ, ಅವಳು ಹಲೋ ಎಂದಾಗ ಅವನು ಗಂಟಲು ಕೆರೆದುಕೊಳ್ಳಬೇಕಾಯಿತು.